ಬೃಹತ್ ಪ್ರಮಾಣದ ಅಗ್ನಿಶಾಮಕ ಜಲಸಾಧನಗಳು

ಗೋದಾಮು, ಕಾರ್ಖಾನೆ, ಬಂದರುಕಟ್ಟೆ, ತೈಲ ಸಂಗ್ರಹಾಗಾರ ಅಥವಾ ಒತ್ತೊತ್ತಾಗಿ ಮನೆಗಳಿರುವ ಇಡೀ ಬೀದಿಯೇ ಹೊತ್ತಿ ಉರಿಯುವಾಗ ನಗರದ ಅಗ್ನಿಶಾಮಕ ದಳ ಬಳಸುವ ವಿಶೇಷ ಸಾಧನಗಳು. ಭಾರಿ ಸಾಮರ್ಥ್ಯದ ಪಂಪು, ಅಗಲವಾದ ಹೋಸ್, ಜಲಫಿರಂಗಿ, ಅಗ್ನಿಶಾಮಕ ದೋಣಿ, ಬೆಂಕಿಗೆಂದೇ ಮೀಸಲಾದ ಕೊಳವೆಜಾಲ, ನೆಲದಡಿಯ ತೊಟ್ಟಿ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಸಾಮಾನ್ಯ ಬೆಂಕಿಗೆ ನಿಮಿಷಕ್ಕೆ ಕೆಲವು ನೂರು ಲೀಟರ್ ನೀರು ಸಾಕು. ಇಲ್ಲಿ ಹೇಳುವ ಸಾಧನಗಳ ಲೆಕ್ಕ ನಿಮಿಷಕ್ಕೆ ನಾಲ್ಕು ಸಾವಿರ ಲೀಟರ್‌ನಿಂದ ಶುರುವಾಗಿ ಎರಡು ಲಕ್ಷ ಲೀಟರ್ ಸಮೀಪಿಸುತ್ತದೆ.

ಇಂಥ ಸಾಧನಗಳ ಚರಿತ್ರೆಯನ್ನು ಪಂಪುಗಳು ದೊಡ್ಡದಾಗುತ್ತ ಹೋದ ಕಥೆಯೆಂದು ಹೇಳುವುದುಂಟು. ಅದು ಅರ್ಧ ಮಾತು. ನೀರಿನ ಆಸರೆಯಿಂದ ಬೆಂಕಿಯವರೆಗಿನ ದಾರಿಯಲ್ಲಿ ಯಾವ ಜಾಗ ಅತಿ ಇಕ್ಕಟ್ಟೋ ಅದು ಬಿಟ್ಟಷ್ಟೇ ನೀರು ಬೆಂಕಿಗೆ ಸಿಗುತ್ತದೆ. ಆ ಇಕ್ಕಟ್ಟು ಒಂದು ಊರಿನಲ್ಲಿ ಒಡೆದ ಕೊಳಾಯಿ, ಇನ್ನೊಂದರಲ್ಲಿ ಹೊಂದದ ಕಪ್ಲಿಂಗ್, ಮತ್ತೊಂದರಲ್ಲಿ ಬರಿದಾದ ಟ್ಯಾಂಕು. ಒಂದೊಂದು ದೊಡ್ಡ ಬೆಂಕಿಯೂ ಒಂದೊಂದು ಇಕ್ಕಟ್ಟನ್ನು ತೋರಿಸಿಕೊಟ್ಟಿದೆ, ಅದನ್ನು ಬಿಡಿಸಲು ಒಂದೊಂದು ಸಾಧನ ಹುಟ್ಟಿದೆ.

ಎಷ್ಟು ನೀರು, ಏಕೆ

ನೀರು ಬೆಂಕಿಯನ್ನು ಆರಿಸುವುದು ಮುಖ್ಯವಾಗಿ ಶಾಖವನ್ನು ಹೀರಿಕೊಂಡು. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಕುದಿದು ಪೂರ್ತಿ ಆವಿಯಾದರೆ ಸುಮಾರು 2.6 ಮೆಗಾಜೂಲ್ ಶಾಖವನ್ನು ಒಯ್ಯುತ್ತದೆ. ಈ ಲೆಕ್ಕದಲ್ಲಿ ನಿಮಿಷಕ್ಕೆ 4,000 ಲೀಟರ್ ಹರಿವು ಸುಮಾರು 170 ಮೆಗಾವಾಟ್ ಬೆಂಕಿಯನ್ನು ತಣಿಸಬೇಕು. ಕಾರ್ಯತಃ ಹಾಗಾಗುವುದಿಲ್ಲ. ಸುರಿದ ನೀರಿನಲ್ಲಿ ಹೆಚ್ಚಿನ ಪಾಲು ಉರಿಯುವ ವಸ್ತುವನ್ನು ಮುಟ್ಟುವುದೇ ಇಲ್ಲ. ಒಂದಿಷ್ಟು ಗಾಳಿಯಲ್ಲೇ ಚದುರುತ್ತದೆ, ಒಂದಿಷ್ಟು ಬಿಸಿಹೊಗೆಯ ರಭಸಕ್ಕೆ ಮೇಲಕ್ಕೆ ಹಾರುತ್ತದೆ, ಇನ್ನುಳಿದದ್ದು ಗೋಡೆಗೆ ಬಡಿದು ಚರಂಡಿ ಸೇರುತ್ತದೆ.

ತೆಳುವಾದ ಧಾರೆ ದೊಡ್ಡ ಜ್ವಾಲೆಯ ಬುಡ ತಲುಪುವ ಮೊದಲೇ ಒಡೆದು ಹೋಗುತ್ತದೆ. ಸಣ್ಣ ಹೋಸ್‌ಗಳನ್ನು ಎಷ್ಟು ಸೇರಿಸಿದರೂ ಒಂದು ದೊಡ್ಡ ಧಾರೆಗೆ ಸಮವಾಗದಿರುವುದಕ್ಕೆ ಇದೇ ಕಾರಣ. ಜೊತೆಗೆ, ಉರಿಯುತ್ತಿರುವ ಕಟ್ಟಡದೊಳಕ್ಕೆ ಸಿಬ್ಬಂದಿಯನ್ನು ಕಳುಹಿಸುವಂತಿಲ್ಲ ಎಂದು ಅಧಿಕಾರಿ ತೀರ್ಮಾನಿಸಿದ ಮೇಲೆ ಉಳಿಯುವ ಕೆಲಸ ಎರಡೇ: ಹೊರಗಿನಿಂದ, ಗೋಡೆ ಕುಸಿದರೂ ಅಪಾಯವಾಗದಷ್ಟು ದೂರದಲ್ಲಿ ನಿಂತು ಹೊಡೆಯುವುದು, ಮತ್ತು ಅಕ್ಕಪಕ್ಕದ ಕಟ್ಟಡಗಳು ಹೊತ್ತಿಕೊಳ್ಳದಂತೆ ಅವುಗಳ ಮೈ ತೋಯಿಸುವುದು. ಎರಡಕ್ಕೂ ದೂರ ಹಾರುವ ದಪ್ಪ ಧಾರೆ ಬೇಕು.

ವ್ಯವಸ್ಥೆಯ ಭಾಗಗಳು

ಹೀರುವಿಕೆ: ನೆಲದ ಮೇಲಿನ ಪಂಪು ಕೆರೆಯ ನೀರನ್ನು ನಿಜವಾಗಿ ಎಳೆಯುವುದಿಲ್ಲ. ಪಂಪು ತನ್ನ ಸಕ್ಷನ್ ಪೈಪಿನೊಳಗೆ ಗಾಳಿಯ ಒತ್ತಡವನ್ನು ತಗ್ಗಿಸುತ್ತದೆ, ಹೊರಗಿನ ವಾತಾವರಣ ನೀರನ್ನು ಮೇಲಕ್ಕೆ ನೂಕುತ್ತದೆ. ವಾತಾವರಣಕ್ಕೆ ಇರುವ ಶಕ್ತಿ ಸುಮಾರು 10.3 ಮೀಟರ್ ಎತ್ತರದ ನೀರಿನ ಕಂಬವನ್ನು ಹಿಡಿದು ನಿಲ್ಲಿಸುವಷ್ಟು ಮಾತ್ರ, ಬಳಕೆಯಲ್ಲಿ ಏಳೂವರೆ ಮೀಟರ್ ಸಿಕ್ಕರೆ ಹೆಚ್ಚು. ಸೇತುವೆಯ ಮೇಲಿನಿಂದಲೋ ಕಡಿದಾದ ದಂಡೆಯ ಮೇಲಿನಿಂದಲೋ ನೀರೆತ್ತಲು ಎಂಥ ಬಲಿಷ್ಠ ಪಂಪೂ ಸೋಲುವುದು ಇದಕ್ಕೇ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಪಂಪಿನ ತಲೆಯನ್ನೇ ನೀರಿಗೆ ಇಳಿಸುವುದು. ಎಂಜಿನ್ ದಂಡೆಯ ಮೇಲಿರುತ್ತದೆ. ಅದು ಹೈಡ್ರಾಲಿಕ್ ತೈಲದ ಕೊಳವೆಗಳ ಮೂಲಕ ನೀರಿನಲ್ಲಿ ಮುಳುಗಿದ ಪಂಪನ್ನು ತಿರುಗಿಸುತ್ತದೆ. ನೀರನ್ನು ಮೇಲಕ್ಕೆ ಹೀರುವ ಬದಲು ತಳ್ಳುವುದರಿಂದ ಎತ್ತರದ ಮಿತಿ ದೊಡ್ಡದಾಗುತ್ತದೆ.

ಹೋಸ್: ಕೊಳವೆಯಲ್ಲಿ ಘರ್ಷಣೆಯಿಂದ ಕಳೆದುಹೋಗುವ ಒತ್ತಡ ಹರಿವಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ವ್ಯಾಸ ಹೆಚ್ಚಿದಂತೆ ಸರಿಸುಮಾರು ಅದರ ಐದನೆಯ ಘಾತದಲ್ಲಿ ಇಳಿಯುತ್ತದೆ. ಅಂಕಿಗಳಲ್ಲಿ ನೋಡಿದರೆ ಇದರ ಅರ್ಥ ಸ್ಪಷ್ಟ. ಎರಡೂವರೆ ಅಂಗುಲದ ಹೋಸಿನಲ್ಲಿ ನಿಮಿಷಕ್ಕೆ 950 ಲೀಟರ್ ಹರಿಸಿದರೆ ಪ್ರತಿ 30 ಮೀಟರಿಗೆ ಸುಮಾರು 0.85 ಬಾರ್ ಒತ್ತಡ ನಷ್ಟ. ಐದು ಅಂಗುಲದ ಹೋಸಿನಲ್ಲಿ ಅದರ ನಾಲ್ಕು ಪಟ್ಟು, ಅಂದರೆ 3,800 ಲೀಟರ್ ಹರಿಸಿದರೂ ನಷ್ಟ 0.55 ಬಾರ್ ಮಾತ್ರ. ದೂರದಿಂದ ಹೆಚ್ಚು ನೀರು ತರಲು ಪಂಪನ್ನು ದೊಡ್ಡದು ಮಾಡುವುದಕ್ಕಿಂತ ಹೋಸನ್ನು ಅಗಲ ಮಾಡುವುದೇ ಅಗ್ಗದ ಉಪಾಯ. ಅಗಲ ಹೋಸಿಗೆ ಅದರದೇ ತೊಂದರೆಯೂ ಇದೆ. 150 ಮಿಲಿಮೀಟರ್ ವ್ಯಾಸದ ಹೋಸಿನ ಪ್ರತಿ ಮೀಟರಿನಲ್ಲಿ 17 ಲೀಟರ್‌ಗೂ ಹೆಚ್ಚು ನೀರು ತುಂಬಿರುತ್ತದೆ. ಒಂದು ಕಿಲೋಮೀಟರ್ ಸಾಲಿನಲ್ಲಿರುವ ನೀರೇ 17 ಟನ್ ಮೀರುತ್ತದೆ. ನೀರು ತುಂಬಿದ ಮೇಲೆ ಅದನ್ನು ಒಂದು ಅಡಿಯೂ ಸರಿಸಲಾಗದು, ಆದ್ದರಿಂದ ಎಲ್ಲಿ ಹಾಸಬೇಕು, ಯಾವ ರಸ್ತೆ ದಾಟಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಬೇಕು. ಹಾಸುವ ಕೆಲಸಕ್ಕೆ ಪ್ರತ್ಯೇಕ ವಾಹನವಿರುತ್ತದೆ. ಮಡಿಸಿಟ್ಟ ಹೋಸಿನ ಒಂದು ತುದಿಯನ್ನು ನೀರಿನ ಬಳಿ ಬಿಗಿದು ವಾಹನ ಮುಂದಕ್ಕೆ ಹೊರಟರೆ ಹಿಂಬದಿಯಿಂದ ಹೋಸ್ ತಾನಾಗಿ ಬಿಚ್ಚಿಕೊಳ್ಳುತ್ತ ಬರುತ್ತದೆ.

ಕಪ್ಲಿಂಗ್: ಎರಡು ಹೋಸ್‌ಗಳನ್ನು ಕೂಡಿಸುವ ಲೋಹದ ಜೋಡಣೆ. ಗಿಡೋ ಸ್ಟೋರ್ಜ್ 1882ರಲ್ಲಿ ರೂಪಿಸಿದ ಕಪ್ಲಿಂಗಿಗೆ ಗಂಡು ತುದಿ, ಹೆಣ್ಣು ತುದಿ ಎಂಬ ಭೇದವಿಲ್ಲ. ಎರಡೂ ತುದಿ ಒಂದೇ ಬಗೆ, ಕಾಲು ಸುತ್ತು ತಿರುಗಿಸಿದರೆ ಕೂಡಿಕೊಳ್ಳುತ್ತವೆ. ಕತ್ತಲಲ್ಲಿ ಅವಸರದಿಂದ ಹಾಸುವಾಗ ತುದಿ ತಿರುಗುಮುರುಗಾಗುವ ಭಯ ಇದರಿಂದ ತಪ್ಪುತ್ತದೆ. ಅಗಲ ಹೋಸ್‌ಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಈ ಬಗೆಯೇ.

ಜಲಫಿರಂಗಿ: ದಳದವರು ಮಾನಿಟರ್ ಎಂದು ಕರೆಯುವ, ನೆಲದ ಮೇಲೋ ವಾಹನದ ಮೇಲೋ ಭದ್ರವಾಗಿ ಕೂರಿಸಿದ ದೊಡ್ಡ ನಾಜಲ್. ಎರಡು ಅಂಗುಲದ ಬಾಯಿಯಿಂದ ಐದೂವರೆ ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 4,000 ಲೀಟರ್ ನೀರು ಹೊರಬಿದ್ದಾಗ ಅದು ಹಿಂದಕ್ಕೆ ಒದೆಯುವ ಬಲ 225 ಕಿಲೋಗ್ರಾಂ ತೂಕಕ್ಕೆ ಸಮ. ಮನುಷ್ಯರು ಕೈಯಲ್ಲಿ ಹಿಡಿಯಬಹುದಾದ ಬಲವಲ್ಲ ಇದು. ಮನುಷ್ಯರು ಹತ್ತಿರ ಹೋಗಲಾಗದ ಕಡೆಗೆ ಈಗ ಫಿರಂಗಿ ಹೊತ್ತ ರೋಬಾಟ್‌ಗಳೂ ಬಂದಿವೆ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಉರಿದಾಗ ಸೀನ್ ನದಿಯಿಂದ ನೀರೆತ್ತಲಾಯಿತು, ಚರ್ಚಿನ ಒಳಗೆ ಕೊಲೊಸಸ್ ಎಂಬ ರೋಬಾಟನ್ನು ಕಳುಹಿಸಲಾಯಿತು.

ಆರಂಭದ ಹಂತ

ಕೈಯಿಂದ ಒತ್ತುವ ಪಂಪುಗಳ ಕಾಲದಲ್ಲಿ ನೀರಿನ ಪ್ರಮಾಣ ಜನರ ತೋಳಬಲಕ್ಕೆ ಕಟ್ಟುಬಿದ್ದಿತ್ತು. ಉಗಿ ಎಂಜಿನ್ ಅದನ್ನು ಬಿಡಿಸಿತು. ಅಮೆರಿಕದ ಸಿನ್ಸಿನಾಟಿ ನಗರ 1853ರಲ್ಲಿ ಉಗಿಚಾಲಿತ ಅಗ್ನಿಶಾಮಕ ಎಂಜಿನ್ ಮತ್ತು ಸಂಬಳದ ಸಿಬ್ಬಂದಿ ಎರಡನ್ನೂ ನೆಚ್ಚಿಕೊಂಡ ದಳವನ್ನು ಕಟ್ಟಿತು. ಐವತ್ತು ವರ್ಷದಲ್ಲಿ ಉಗಿ ಎಂಜಿನ್‌ಗಳು ಎಲ್ಲ ದೊಡ್ಡ ನಗರಗಳಲ್ಲೂ ಕಾಣಿಸಿಕೊಂಡವು.

ಎಂಜಿನ್‌ಗಳಿದ್ದರೂ ಸಾಲದು ಎಂದು ತೋರಿಸಿದ್ದು 1904ರ ಫೆಬ್ರವರಿ 7ರಂದು ಬಾಲ್ಟಿಮೋರ್‌ನಲ್ಲಿ ಹೊತ್ತಿಕೊಂಡ ಬೆಂಕಿ. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್‌ಗಳಿಂದ ಎಂಜಿನ್‌ಗಳು ನೆರವಿಗೆ ಬಂದವು. ಬಂದ ಹಲವರ ಹೋಸ್‌ಗಳು ಬಾಲ್ಟಿಮೋರ್‌ನ ಹೈಡ್ರಂಟ್‌ಗಳಿಗೆ, ಅಂದರೆ ಬೀದಿಯ ನೀರಿನ ಬಾಯಿಗಳಿಗೆ, ಕೂರಲೇ ಇಲ್ಲ. ಒಂದೊಂದು ನಗರದ ತಿರುಪಿನ ಅಳತೆ ಒಂದೊಂದಾಗಿತ್ತು. ಸುಮಾರು 30 ಗಂಟೆ ಉರಿದ ಆ ಬೆಂಕಿಯಲ್ಲಿ 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಹೋಸ್ ತಿರುಪಿಗೆ ಇಡೀ ಅಮೆರಿಕಕ್ಕೆ ಒಂದೇ ಅಳತೆ ಇರಬೇಕೆಂಬ ಪ್ರಯತ್ನಕ್ಕೆ ಈ ಘಟನೆಯೇ ಬಲ ತಂದಿತು. ಆದರೂ ಅದು ಎಲ್ಲೆಡೆ ಜಾರಿಯಾಗಲಿಲ್ಲ. 1991ರ ಅಕ್ಟೋಬರ್‌ನಲ್ಲಿ ಓಕ್‌ಲ್ಯಾಂಡ್ ಗುಡ್ಡಗಳ ಬೆಂಕಿಗೆ ಓಡಿಬಂದ ನೆರೆಯೂರುಗಳ ದಳಗಳು ಅಲ್ಲಿನ ಹೈಡ್ರಂಟ್‌ಗಳ ಬಾಯಿ ಎರಡೂವರೆಯ ಬದಲು ಮೂರು ಅಂಗುಲ ಇರುವುದನ್ನು ಕಂಡವು.

ಬಾಲ್ಟಿಮೋರ್ ಬೆಂಕಿಯ ಆಸುಪಾಸಿನ ಕಾಲದಲ್ಲೇ, ಕುಡಿಯುವ ನೀರಿನ ಕೊಳಾಯಿಯನ್ನೇ ಬೆಂಕಿಗೂ ನೆಚ್ಚಿಕೊಳ್ಳಬಾರದೆಂಬ ವಿಚಾರ ಬೆಳೆಯಿತು. ನ್ಯೂಯಾರ್ಕ್ 1908ರಲ್ಲಿ ಮ್ಯಾನ್‌ಹಟನ್‌ನ ವ್ಯಾಪಾರ ಪ್ರದೇಶಕ್ಕೆ ಅಧಿಕ ಒತ್ತಡದ ಪ್ರತ್ಯೇಕ ಕೊಳವೆಜಾಲವನ್ನು ತೆರೆಯಿತು. ವಿದ್ಯುತ್ ಮೋಟಾರಿನ ಎರಡು ಪಂಪುಮನೆಗಳು ಅದಕ್ಕೆ ನೀರೊದಗಿಸುತ್ತಿದ್ದವು. ಬೆಂಕಿಯ ಕರೆ ಬಂದೊಡನೆ ಪಂಪುಮನೆಯಲ್ಲಿ ಒತ್ತಡ ಏರಿಸಿದರೆ ಸಾಕು, ಬೀದಿಯ ಹೈಡ್ರಂಟ್‌ಗೆ ನೇರವಾಗಿ ಹೋಸ್ ಕಟ್ಟಿ ಹೊಡೆಯಬಹುದಿತ್ತು.

ಸ್ಯಾನ್ ಫ್ರಾನ್ಸಿಸ್ಕೊ ವ್ಯವಸ್ಥೆ

1906ರ ಏಪ್ರಿಲ್ 18ರ ಭೂಕಂಪ ಸ್ಯಾನ್ ಫ್ರಾನ್ಸಿಸ್ಕೊದ ಕೊಳಾಯಿಗಳನ್ನು ಮುರಿದುಹಾಕಿತು. ಬೆಂಕಿ ಹಲವು ಕಡೆ ಒಟ್ಟಿಗೆ ಹೊತ್ತಿತು, ಹೈಡ್ರಂಟ್ ತಿರುಗಿಸಿದರೆ ನೀರಿಲ್ಲ. ಮೂರು ದಿನ ಉರಿದ ಬೆಂಕಿ ಸುಮಾರು 28,000 ಕಟ್ಟಡಗಳನ್ನು ನುಂಗಿತು. ಅಗ್ನಿಶಾಮಕ ದಳದ ಮುಖ್ಯಸ್ಥ ಡೆನಿಸ್ ಸಲಿವನ್ ಭೂಕಂಪದಲ್ಲೇ ತೀವ್ರವಾಗಿ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡರು. 1908ರಲ್ಲಿ ನಗರದ ಮತದಾರರು ಹಣ ಎತ್ತಲು ಒಪ್ಪಿಗೆ ಕೊಟ್ಟರು. ಮುಂದಿನ ಐದು ವರ್ಷಗಳಲ್ಲಿ ಬೆಂಕಿಗೆಂದೇ ಮೀಸಲಾದ, ಕುಡಿಯುವ ನೀರಿನ ಜಾಲದಿಂದ ಬೇರೆಯಾದ ವ್ಯವಸ್ಥೆ ಸಿದ್ಧವಾಯಿತು.

ಒಂದು ಆಸರೆ ಕೈಕೊಟ್ಟರೆ ಇನ್ನೊಂದು ಇರಲಿ ಎಂಬುದು ಇದರ ವಿನ್ಯಾಸದ ಸೂತ್ರ. ಟ್ವಿನ್ ಪೀಕ್ಸ್ ಬೆಟ್ಟದ ಮೇಲೆ ಸುಮಾರು 4 ಕೋಟಿ ಲೀಟರ್‌ನ ಜಲಾಗಾರ, ಅದರ ಕೆಳಗೆ ಆಶ್‌ಬರಿ ಮತ್ತು ಜೋನ್ಸ್ ಬೀದಿಗಳ ಟ್ಯಾಂಕುಗಳು. ನೀರು ಪಂಪಿನ ನೆರವಿಲ್ಲದೆ ಎತ್ತರದ ಬಲದಿಂದಲೇ ಇಳಿದು ಬರುತ್ತದೆ. ಇದೂ ಸಾಲದಾದರೆ ಕೊಲ್ಲಿಯ ಉಪ್ಪುನೀರನ್ನು ಜಾಲಕ್ಕೆ ತುಂಬಲು ಎರಡು ಪಂಪುಮನೆಗಳಿವೆ. ಒಂದೊಂದರ ಸಾಮರ್ಥ್ಯ ನಿಮಿಷಕ್ಕೆ ಸುಮಾರು 38,000 ಲೀಟರ್. ಅದೂ ತಪ್ಪಿದರೆ ಅಗ್ನಿಶಾಮಕ ದೋಣಿ ದಡಕ್ಕೆ ಬಂದು ಜಾಲದ ಬಾಯಿಗೆ ನೀರು ನೂಕಬಹುದು. ಇಡೀ ಜಾಲವೇ ಒಡೆದರೆ ಕೊನೆಯ ಆಸರೆ ರಸ್ತೆಯಡಿಯ ತೊಟ್ಟಿಗಳು. ಅಡ್ಡರಸ್ತೆಗಳಲ್ಲಿ ಇಟ್ಟಿಗೆಯ ದೊಡ್ಡ ವೃತ್ತ ಕಂಡರೆ ಅದರಡಿ ತೊಟ್ಟಿಯಿದೆ ಎಂದು ಅರ್ಥ. ಈ ಜಾಲದ ಹೈಡ್ರಂಟ್‌ಗಳು ಗಾತ್ರದಲ್ಲಿ ದೊಡ್ಡವು. ಅವುಗಳ ತಲೆಗೆ ಬಳಿದ ನೀಲಿ, ಕೆಂಪು, ಕಪ್ಪು ಬಣ್ಣ ನೋಡಿ ಯಾವ ಟ್ಯಾಂಕಿನ ನೀರು ಬರುತ್ತದೆಂದು ಸಿಬ್ಬಂದಿ ತಿಳಿಯುತ್ತಾರೆ.

1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪ ಈ ವ್ಯವಸ್ಥೆಯ ದೊಡ್ಡ ಪರೀಕ್ಷೆಯಾಯಿತು. ತಗ್ಗಿನ ಪ್ರದೇಶದಲ್ಲಿ ಕೊಳವೆಗಳು ಒಡೆದು ಜೋನ್ಸ್ ಬೀದಿಯ ಟ್ಯಾಂಕು ಬರಿದಾಯಿತು. ಮರಿನಾ ಬಡಾವಣೆಯಲ್ಲಿ ಬೆಂಕಿ ಎದ್ದಾಗ ಅಲ್ಲಿನ ಹೈಡ್ರಂಟ್‌ಗಳಲ್ಲಿ ನೀರಿರಲಿಲ್ಲ. ಊರನ್ನು ಉಳಿಸಿದ್ದು ಫೀನಿಕ್ಸ್ ಎಂಬ ದೋಣಿ ಮತ್ತು ಐದು ಅಂಗುಲದ ಹೋಸ್ ಹೊತ್ತ ವಾಹನಗಳು. ದಳದ ಅಧಿಕಾರಿ ಫ್ರಾಂಕ್ ಬ್ಲಾಕ್‌ಬರ್ನ್ ಅದಕ್ಕೆ ಕೆಲವು ವರ್ಷ ಮೊದಲೇ ಈ ಹೋಸ್, ಬೀದಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಹೈಡ್ರಂಟ್ ಎಲ್ಲವನ್ನೂ ಸೇರಿಸಿ ಸಂಚಾರಿ ಜಲವ್ಯವಸ್ಥೆಯೊಂದನ್ನು ರೂಪಿಸಿದ್ದರು. ದೋಣಿ ಸುಮಾರು 18 ಗಂಟೆಗಳಲ್ಲಿ 2 ಕೋಟಿ ಲೀಟರ್‌ಗೂ ಹೆಚ್ಚು ಕೊಲ್ಲಿಯ ನೀರನ್ನು ದಡಕ್ಕೆ ನೂಕಿತು. ನೆಲದಡಿ ಹೂತ ಕೊಳವೆ ಒಡೆದ ಹೊತ್ತಿಗೆ ನೆಲದ ಮೇಲೆ ಹಾಸುವ ಕೊಳವೆ ಕೈಯಲ್ಲಿದ್ದುದು ಇಲ್ಲಿ ನಿರ್ಣಾಯಕವಾಯಿತು.

ನ್ಯೂಯಾರ್ಕಿನ ಸೂಪರ್ ಪಂಪರ್

ಚಕ್ರದ ಮೇಲೆ ಓಡಿದ ಅಗ್ನಿಶಾಮಕ ಪಂಪುಗಳಲ್ಲಿ ಅತ್ಯಂತ ಹೆಸರಾದದ್ದು ನ್ಯೂಯಾರ್ಕ್ ನಗರ 1965ರಲ್ಲಿ ಕೆಲಸಕ್ಕೆ ಇಳಿಸಿದ ಸೂಪರ್ ಪಂಪರ್ ವ್ಯವಸ್ಥೆ. ಇದರ ಹಿಂದಿದ್ದವರು ಹಡಗು ವಿನ್ಯಾಸಕಾರ ವಿಲಿಯಂ ಫ್ರಾನ್ಸಿಸ್ ಗಿಬ್ಸ್. ಅಟ್ಲಾಂಟಿಕ್ ದಾಟುವ ವೇಗದಲ್ಲಿ ದಾಖಲೆ ಮಾಡಿದ ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್ ಹಡಗು ಅವರ ಕೃತಿ. ಬೆಂಕಿಯ ಭಯದಿಂದ ಆ ಹಡಗಿನಲ್ಲಿ ಪಿಯಾನೊ ಮತ್ತು ಅಡುಗೆಮನೆಯ ಮಾಂಸ ಕತ್ತರಿಸುವ ದಿಮ್ಮಿ ಬಿಟ್ಟರೆ ಮರವನ್ನೇ ಬಳಸಗೊಡಲಿಲ್ಲ ಎಂಬ ಮಾತು ಪ್ರಸಿದ್ಧ. ಅಗ್ನಿಶಾಮಕ ಯಂತ್ರಗಳ ಬಗ್ಗೆ ಅವರಿಗೆ ಆಜೀವ ಆಸಕ್ತಿಯಿತ್ತು. ದೋಣಿಯ ಪಂಪಿನ ಬಲವನ್ನು ಬೀದಿಗೆ ತರಬೇಕೆಂಬುದು ಅವರ ಯೋಚನೆ.

ಮ್ಯಾಕ್ ಕಂಪನಿ ಕಟ್ಟಿದ ಈ ವ್ಯವಸ್ಥೆಯಲ್ಲಿ ಐದು ವಾಹನಗಳಿದ್ದವು: ಸೂಪರ್ ಪಂಪರ್, ಭಾರಿ ಫಿರಂಗಿ ಹೊತ್ತ ಸೂಪರ್ ಟೆಂಡರ್, ಮತ್ತು ಸ್ಯಾಟಲೈಟ್ ಎಂದು ಹೆಸರಿಟ್ಟ ಮೂರು ಉಪವಾಹನಗಳು. ಒಟ್ಟು ವೆಚ್ಚ 8,75,000 ಡಾಲರ್. ಪಂಪರ್‌ನ ಟ್ರೇಲರ್ ಮೇಲೆ ಕೂತಿದ್ದುದು ಬ್ರಿಟನ್ನಿನ ನೇಪಿಯರ್ ಡೆಲ್ಟಿಕ್ ಡೀಸೆಲ್ ಎಂಜಿನ್. ನೌಕಾದಳದ ವೇಗದ ದೋಣಿಗಳಿಗಾಗಿ ಹುಟ್ಟಿದ, ಬ್ರಿಟಿಷ್ ರೈಲ್ವೆಯ ಲೋಕೋಮೋಟಿವ್‌ಗಳಲ್ಲೂ ಹೆಸರು ಮಾಡಿದ ಎಂಜಿನ್ ಅದು. ಸಿಲಿಂಡರ್‌ಗಳು ತ್ರಿಕೋನದ ಮೂರು ಬಾಹುಗಳಂತೆ ಜೋಡಣೆಯಾಗಿರುತ್ತವೆ, ಮೂರು ಮೂಲೆಗಳಲ್ಲಿ ಮೂರು ಕ್ರ್ಯಾಂಕ್‌ಶಾಫ್ಟ್‌ಗಳು. 18 ಸಿಲಿಂಡರ್, ಒಂದೊಂದರಲ್ಲೂ ಎದುರುಬದುರಾಗಿ ಚಲಿಸುವ ಎರಡೆರಡು ಪಿಸ್ಟನ್. ಚಿಕ್ಕ ಜಾಗದಲ್ಲಿ 2,400 ಅಶ್ವಶಕ್ತಿ ಸಿಗುವುದೇ ಇದನ್ನು ಆರಿಸಲು ಕಾರಣ.

ಆರು ಹಂತದ ಪಂಪು ಎರಡು ಬಗೆಯಲ್ಲಿ ಕೆಲಸ ಮಾಡುತ್ತಿತ್ತು. ಒಂದು ಬಗೆಯಲ್ಲಿ 24 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 8,800 ಗ್ಯಾಲನ್, ಅಂದರೆ 33,000 ಲೀಟರ್ ಮೀರಿ. ಇನ್ನೊಂದರಲ್ಲಿ 48 ಬಾರ್ ಒತ್ತಡದಲ್ಲಿ ಅದರ ಅರ್ಧ. ಹರಿವು ಅರ್ಧವಾದಾಗ ಒತ್ತಡ ಇಮ್ಮಡಿ, ಎರಡರ ಗುಣಲಬ್ಧ ಒಂದೇ. ಲೆಕ್ಕ ಹಾಕಿದರೆ ನೀರಿಗೆ ಸಲ್ಲುತ್ತಿದ್ದ ಶಕ್ತಿ ಸುಮಾರು 1,800 ಅಶ್ವಶಕ್ತಿ. ಮಾಮೂಲಿ ಪಂಪರ್ ಆ ಕಾಲದಲ್ಲಿ ನಿಮಿಷಕ್ಕೆ 1,000 ಗ್ಯಾಲನ್ ಆಸುಪಾಸು ಕೊಡುತ್ತಿದ್ದುದನ್ನು ನೆನೆದರೆ ಇದರ ಗಾತ್ರ ಅರಿವಾಗುತ್ತದೆ.

ಪಂಪರ್ ಬೆಂಕಿಯ ಹತ್ತಿರಕ್ಕೆ ಹೋಗಬೇಕಾಗಿರಲಿಲ್ಲ. ಅದು ನದಿಯ ದಂಡೆಯಲ್ಲೋ ದೊಡ್ಡ ಕೊಳಾಯಿಯ ಬಳಿಯೋ ನಿಲ್ಲುತ್ತಿತ್ತು. ಒಂದೊಂದು ಸ್ಯಾಟಲೈಟ್ ನಾಲ್ಕೂವರೆ ಅಂಗುಲದ ಸುಮಾರು 600 ಮೀಟರ್ ಹೋಸನ್ನು ಹಾಸುತ್ತ ಬೆಂಕಿಯತ್ತ ಸಾಗಿ, ಅಲ್ಲಿ ತನ್ನ ಮೈಮೇಲಿನ ಫಿರಂಗಿಗೇ ಆ ಹೋಸನ್ನು ಜೋಡಿಸಿಕೊಳ್ಳುತ್ತಿತ್ತು. ಅಷ್ಟು ಉದ್ದದ ಸಾಲು ತುಂಬಲು ಆರು ಟನ್‌ಗೂ ಹೆಚ್ಚು ನೀರು ಬೇಕು, ಪೂರ್ತಿ ಸಾಮರ್ಥ್ಯದಲ್ಲಿ ಪಂಪಿಗೆ ಅದು ಹದಿನೈದು ಸೆಕೆಂಡಿನೊಳಗಿನ ಕೆಲಸ. ಹೈಡ್ರಂಟ್‌ಗಳನ್ನು ನೆಚ್ಚಿದಾಗ ಒಟ್ಟಿಗೆ ಎಂಟು ಹೈಡ್ರಂಟ್‌ಗಳಿಂದ ನೀರೆಳೆಯಲು ಅನುಕೂಲವಿತ್ತು. ಆದರೆ ಇಷ್ಟು ದೊಡ್ಡ ಪಂಪು ಕೊಳಾಯಿಯಿಂದ ಅದು ಕೊಡಬಲ್ಲದ್ದಕ್ಕಿಂತ ಹೆಚ್ಚು ಎಳೆದರೆ ಸುತ್ತಲಿನ ಒತ್ತಡ ಕುಸಿದು ಪಕ್ಕದ ಪಂಪರ್‌ಗಳು ಒಣಗುತ್ತವೆ. ಆದ್ದರಿಂದ ಪಂಪ್ ಆಪರೇಟರ್ ಹೊರಹೋಗುವ ಒತ್ತಡಕ್ಕಿಂತ ಒಳಬರುವ ಒತ್ತಡದ ಗೇಜಿನ ಮೇಲೆ ಹೆಚ್ಚು ಕಣ್ಣಿಡಬೇಕಾಗುತ್ತಿತ್ತು.

ಸೂಪರ್ ಪಂಪರ್ 1982ರವರೆಗೆ ದುಡಿಯಿತು. ನಿರ್ವಹಣೆ ದುಬಾರಿ, ಎಂಜಿನ್ ಅಪರೂಪದ್ದು, ಇಡೀ ಮಹಾನಗರಕ್ಕೆ ಒಂದೇ ಯಂತ್ರ. ಅದರ ಜಾಗಕ್ಕೆ ಮ್ಯಾಕ್ಸಿ ವಾಟರ್ ಎಂಬ ಘಟಕಗಳು ಬಂದವು. ನಿಮಿಷಕ್ಕೆ 2,000 ಗ್ಯಾಲನ್ ಪಂಪರ್, ಅದಕ್ಕೊಂದು ಸ್ಯಾಟಲೈಟ್ ವಾಹನ ಎಂಬ ಜೋಡಿಗಳನ್ನು ನಗರದ ಬೇರೆಬೇರೆ ಭಾಗಗಳಲ್ಲಿ ಇಡಲಾಯಿತು. ಪಂಪು ಚಿಕ್ಕದಾಯಿತು, ಆದರೆ ಅಗಲ ಹೋಸ್ ಮತ್ತು ವಾಹನದ ಮೇಲಿನ ಫಿರಂಗಿ ಎಂಬ ಸ್ಯಾಟಲೈಟ್ ಕಲ್ಪನೆ ಉಳಿಯಿತು. ದೈತ್ಯ ಪಂಪಿಗಿಂತ ಅದರ ಸುತ್ತ ಹೆಣೆದ ಜೋಡಣೆಯೇ ಹೆಚ್ಚು ಬಾಳಿತು.

ಅಗ್ನಿಶಾಮಕ ದೋಣಿಗಳು

ತೇಲುವ ಪಂಪಿಗೆ ನೀರಿನ ಬರವಿಲ್ಲ, ತೂಕದ ಹಂಗೂ ಕಡಿಮೆ. ಅತಿ ಹೆಚ್ಚು ನೀರು ಎತ್ತುವ ಸಾಧನಗಳು ಇಂದಿಗೂ ದೋಣಿಗಳೇ. ಗಿಬ್ಸ್ ವಿನ್ಯಾಸದ ಫೈರ್ ಫೈಟರ್ (1938) ನಿಮಿಷಕ್ಕೆ 20,000 ಗ್ಯಾಲನ್, ಅಂದರೆ ಸುಮಾರು 75,000 ಲೀಟರ್ ಎತ್ತುತ್ತಿತ್ತು. 2010ರಲ್ಲಿ ಸೇವೆಗೆ ಬಂದ ನ್ಯೂಯಾರ್ಕಿನ ತ್ರೀ ಫಾರ್ಟಿ ತ್ರೀ ದೋಣಿಯ ಸಾಮರ್ಥ್ಯ 50,000 ಗ್ಯಾಲನ್, ಸುಮಾರು 1,89,000 ಲೀಟರ್. 2001ರ ಸೆಪ್ಟೆಂಬರ್ 11ರಂದು ಮಡಿದ 343 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಆ ಹೆಸರು.

ಆ ದಿನ ವಿಶ್ವ ವಾಣಿಜ್ಯ ಕೇಂದ್ರದ ಗೋಪುರಗಳು ಕುಸಿದು ಸುತ್ತಲಿನ ಕೊಳಾಯಿಗಳು ನೆಲದಡಿಯೇ ನುಜ್ಜಾದವು. ದೋಣಿಗಳು ಹಡ್ಸನ್ ನದಿಯ ನೀರನ್ನು ದಡದ ಪಂಪರ್‌ಗಳಿಗೆ ದಿನಗಟ್ಟಲೆ ಕಳುಹಿಸಿದವು. ಅವುಗಳಲ್ಲಿ 1931ರ ಜಾನ್ ಜೆ. ಹಾರ್ವಿ ಕೂಡ ಒಂದು. ಸೇವೆಯಿಂದ ನಿವೃತ್ತವಾಗಿ ಖಾಸಗಿ ಆಸಕ್ತರ ಕೈಯಲ್ಲಿದ್ದ ಆ ದೋಣಿಯನ್ನು ಮತ್ತೆ ಕೆಲಸಕ್ಕೆ ಕರೆಯಲಾಯಿತು. ಲಂಡನ್ನಿನ ಮ್ಯಾಸಿ ಶಾ (1935) ದೋಣಿಯೂ ಪ್ರಸಿದ್ಧ. 1940ರಲ್ಲಿ ಡನ್‌ಕರ್ಕ್ ಕಡಲತೀರದಿಂದ ಸೈನಿಕರನ್ನು ಕರೆತರಲು ಅದೂ ಹೋಗಿತ್ತು.

ದೋಣಿಯ ಮಿತಿ ಎಲ್ಲರಿಗೂ ಗೊತ್ತಿರುವಂಥದ್ದು: ದಡದಿಂದ ಹೋಸ್ ತಲುಪುವಷ್ಟು ದೂರವೇ ಅದರ ರಾಜ್ಯ. ನೀರಿನ ಮಟ್ಟ ಇಳಿದರೆ ಅದೂ ಇಲ್ಲ. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ವಿಮಾನಗಳು ಲಂಡನ್ ಮೇಲೆ ಬೆಂಕಿಬಾಂಬು ಸುರಿದಾಗ ಮುಖ್ಯ ಕೊಳಾಯಿಗಳು ಒಡೆದಿದ್ದವು, ಥೇಮ್ಸ್ ನದಿಯಲ್ಲಿ ಇಳಿತದ ಹೊತ್ತು. ನೀರಿಗೂ ದಡಕ್ಕೂ ನಡುವೆ ಕೆಸರಿನ ಬಯಲು ಚಾಚಿತ್ತು. ಯುದ್ಧಕಾಲದ ಲಂಡನ್ ಬೀದಿಬದಿಯಲ್ಲಿ ನೀರಿನ ತೊಟ್ಟಿಗಳನ್ನು ಕಟ್ಟಿ, ರಸ್ತೆಯ ಅಂಚಿನಲ್ಲಿ ಉಕ್ಕಿನ ಕೊಳವೆಗಳನ್ನು ಹಾಸಿಕೊಂಡದ್ದು ಇಂಥ ಅನುಭವಗಳಿಂದಲೇ.

ಇಂದಿನ ಸಂಚಾರಿ ವ್ಯವಸ್ಥೆಗಳು

2001ರ ನಂತರ ಬ್ರಿಟನ್ ದೊಡ್ಡ ಅವಘಡಗಳಿಗೆಂದು ಹೈ ವಾಲ್ಯೂಮ್ ಪಂಪ್‌ಗಳನ್ನು ದೇಶದ ಹಲವು ದಳಗಳಿಗೆ ಹಂಚಿತು. ನೀರಿಗಿಳಿಯುವ ಪಂಪು, 150 ಮಿಲಿಮೀಟರ್ ಹೋಸ್, ನಿಮಿಷಕ್ಕೆ 7,000 ಲೀಟರ್ ಇದರ ಸ್ಥೂಲ ರೂಪ. ಇಡೀ ಘಟಕವನ್ನು ಪೆಟ್ಟಿಗೆಯಂತೆ ಲಾರಿಯ ಮೇಲಿಂದ ಇಳಿಸಿ ಲಾರಿಯನ್ನು ಬೇರೆ ಕೆಲಸಕ್ಕೆ ಕಳುಹಿಸಬಹುದು. 2005ರ ಡಿಸೆಂಬರ್ 11ರಂದು ಬನ್ಸ್‌ಫೀಲ್ಡ್ ತೈಲ ಸಂಗ್ರಹಾಗಾರ ಸ್ಫೋಟಿಸಿದಾಗ ಆರು ಪಂಪುಗಳು 2.4 ಕಿಲೋಮೀಟರ್ ದೂರದ ಜಲಾಶಯದಿಂದ ನೀರೆತ್ತಿದವು. ದಾರಿಯಲ್ಲಿ ಒತ್ತಡ ಕುಸಿಯದಂತೆ ಎತ್ತಿಹಿಡಿಯಲು ಇನ್ನೂ ಆರು ಪಂಪುಗಳು ಬೇಕಾದವು.

ಈ ಪಂಪುಗಳು ಬೆಂಕಿಗಿಂತ ನೆರೆಯಲ್ಲಿ ಹೆಚ್ಚು ದುಡಿದಿವೆ. 2019ರಲ್ಲಿ ವೇಲಿ ಬ್ರಿಜ್ ಎಂಬ ಊರಿನ ಮೇಲಿದ್ದ ಟಾಡ್‌ಬ್ರುಕ್ ಜಲಾಶಯದ ಕೋಡಿ ಕುಸಿದಾಗ ಕಟ್ಟೆ ಒಡೆಯದಂತೆ ನೀರಿನ ಮಟ್ಟ ಇಳಿಸಿದ್ದು ಇವೇ. ವರ್ಷಕ್ಕೊಮ್ಮೆ ಬರುವ ದೊಡ್ಡ ಬೆಂಕಿಗಾಗಿ ದುಬಾರಿ ಯಂತ್ರವನ್ನು ಸುಮ್ಮನೆ ನಿಲ್ಲಿಸಿಡಬೇಕೇ ಎಂಬ ಪ್ರಶ್ನೆಗೆ ಇದು ಉತ್ತರವೂ ಆಯಿತು.

ಜಪಾನಿನಲ್ಲಿ ಕಡಲನೀರನ್ನು ದೂರ ಒಯ್ಯುವ ಇಂಥ ವಾಹನಗಳನ್ನು ದೊಡ್ಡ ದಳಗಳು ಇಟ್ಟುಕೊಂಡಿವೆ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಅಣುವಿದ್ಯುತ್ ಸ್ಥಾವರದ 3ನೇ ಘಟಕದ ಬಳಸಿದ ಇಂಧನದ ಕೊಳಕ್ಕೆ ನೀರು ಹಾಯಿಸಲು ಟೋಕಿಯೊ ಅಗ್ನಿಶಾಮಕ ದಳದ ಹೈಪರ್ ರೆಸ್ಕ್ಯೂ ತಂಡ ಇವನ್ನು ಒಯ್ದಿತು. ಸುನಾಮಿಯ ಅವಶೇಷಗಳು ಅಡ್ಡಬಿದ್ದು ಹೋಸ್ ಹಾಸುವ ವಾಹನ ಮುಂದೆ ಸಾಗಲಿಲ್ಲ. ವಿಕಿರಣದ ನಡುವೆಯೇ ಸಿಬ್ಬಂದಿ ಇಳಿದು ಭಾರವಾದ ಹೋಸನ್ನು ಕೈಯಿಂದ ಎಳೆದು ಹಾಸಿದರು.

ಮಿತಿಗಳು ಮತ್ತು ಅಪಾಯಗಳು

ಸುರಿದ ನೀರು ಎಲ್ಲಾದರೂ ಹೋಗಬೇಕು. ಒಂದೇ ಜಲಫಿರಂಗಿ ನಿಮಿಷಕ್ಕೆ ನಾಲ್ಕು ಟನ್ ಭಾರವನ್ನು ಕಟ್ಟಡದ ಮೇಲೆ ಹೇರುತ್ತದೆ. ಹತ್ತಿಯ ಬೇಲು, ಕಾಗದದ ಉರುಳೆ, ಧಾನ್ಯ ತುಂಬಿದ ಗೋದಾಮಿನಲ್ಲಿ ಸರಕು ನೀರು ಕುಡಿದು ಉಬ್ಬಿ ಗೋಡೆಯನ್ನೇ ಹೊರಕ್ಕೆ ತಳ್ಳಬಹುದು. ಇದರ ಅತಿರೇಕದ ಉದಾಹರಣೆ ಫ್ರಾನ್ಸಿನ ನಾರ್ಮಂಡಿ ಹಡಗು. ಅಮೆರಿಕ ವಶಪಡಿಸಿಕೊಂಡು ಸೈನಿಕ ಸಾಗಣೆಗೆಂದು ನ್ಯೂಯಾರ್ಕ್ ಬಂದರಿನಲ್ಲಿ ಮಾರ್ಪಡಿಸುತ್ತಿದ್ದಾಗ, 1942ರ ಫೆಬ್ರವರಿ 9ರಂದು ಲೋಹ ಕತ್ತರಿಸುವ ಕಿಡಿಯಿಂದ ಜೀವರಕ್ಷಕ ಕವಚಗಳ ರಾಶಿಗೆ ಬೆಂಕಿ ಬಿತ್ತು. ದೋಣಿಗಳೂ ಪಂಪರ್‌ಗಳೂ ಸುರಿದ ನೀರು ಮೇಲಿನ ಅಂತಸ್ತುಗಳಲ್ಲಿ ನಿಂತು ಹಡಗು ವಾಲತೊಡಗಿತು. ಬೆಂಕಿ ಹತೋಟಿಗೆ ಬಂದಿತ್ತು, ಆದರೆ ಮರುದಿನ ನಸುಕಿನಲ್ಲಿ ಹಡಗು ಮಗ್ಗುಲಾಗಿ ಬಿದ್ದಿತು.

ಹರಿದುಹೋಗುವ ನೀರು ತನ್ನ ಜೊತೆ ವಿಷವನ್ನೂ ಒಯ್ಯುತ್ತದೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ರಾಸಾಯನಿಕ ಗೋದಾಮು ಉರಿದಾಗ ಆರಿಸಲು ಬಳಸಿದ ನೀರು ಕೀಟನಾಶಕಗಳನ್ನು ಹೊತ್ತು ರೈನ್ ನದಿ ಸೇರಿತು, ನದಿಯುದ್ದಕ್ಕೂ ಮೀನುಗಳು ಸತ್ತವು. ಬನ್ಸ್‌ಫೀಲ್ಡ್‌ನಲ್ಲಿ ಬೆಂಕಿ ಆರಿಸಲು ಬಳಸಿದ ನೊರೆಯ ರಾಸಾಯನಿಕ ಅಂತರ್ಜಲಕ್ಕೆ ಇಳಿಯಿತು. ಈಗ ರಾಸಾಯನಿಕ ಗೋದಾಮುಗಳಲ್ಲಿ ಅಂಥ ನೀರನ್ನು ತಡೆದಿಡುವ ಕಟ್ಟೆ, ಹೊಂಡಗಳನ್ನು ವಿನ್ಯಾಸದಲ್ಲೇ ಸೇರಿಸುವುದು ರೂಢಿ. ನೀರು ಹೊಡೆಯದೆ ಉರಿಯಲು ಬಿಡುವುದೇ ಮೇಲೆಂದು ಅಧಿಕಾರಿಗಳು ತೀರ್ಮಾನಿಸುವ ಸಂದರ್ಭಗಳೂ ಇವೆ.

ಮೂರನೆಯದು ಆಸರೆಯ ಮಿತಿ. 2025ರ ಜನವರಿ 7ರಂದು ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಕಾಳ್ಗಿಚ್ಚು ಊರಿಗೆ ನುಗ್ಗಿದಾಗ ನೀರಿನ ಬೇಡಿಕೆ ಎಂದಿನ ನಾಲ್ಕು ಪಟ್ಟು ಏರಿ 15 ಗಂಟೆ ಹಾಗೆಯೇ ಇತ್ತು. ತಲಾ ಸುಮಾರು 38 ಲಕ್ಷ ಲೀಟರ್‌ನ ಮೂರು ಟ್ಯಾಂಕುಗಳೂ ಮರುದಿನ ಬೆಳಗಿನ ಮೂರರ ಹೊತ್ತಿಗೆ ಬರಿದಾದವು. ಎತ್ತರದ ಬೀದಿಗಳ ಹೈಡ್ರಂಟ್‌ಗಳು ಒಣಗಿದವು. ಮನೆಬಳಕೆಯ ಕೊಳಾಯಿಜಾಲ ಒಂದೆರಡು ಕಟ್ಟಡಗಳ ಬೆಂಕಿಯ ಲೆಕ್ಕದಲ್ಲಿ ಕಟ್ಟಿದ್ದು, ಇಡೀ ಊರು ಉರಿಯುವ ಲೆಕ್ಕದಲ್ಲಿ ಅಲ್ಲ.

ಭಾರತದಲ್ಲಿ

ಭಾರತದ ನಗರಗಳಲ್ಲಿ ಅಗ್ನಿಶಾಮಕ ದಳ ನೀರನ್ನು ಬಹುಮಟ್ಟಿಗೆ ತನ್ನ ಜೊತೆಗೇ ಹೊತ್ತು ಬರುತ್ತದೆ. ಕರ್ನಾಟಕದಲ್ಲಿ ಜಲವಾಹನ ಎಂದು ಕರೆಯುವ ಸಾಮಾನ್ಯ ವಾಹನದ ಟ್ಯಾಂಕು ಸುಮಾರು 4,500 ಲೀಟರ್‌ನದು. ಮನೆ, ಅಂಗಡಿಯ ಬೆಂಕಿಗೆ ಇದು ಒಗ್ಗುತ್ತದೆ. ನಿಮಿಷಕ್ಕೆ 4,000 ಲೀಟರ್ ಎಸೆಯುವ ಫಿರಂಗಿಗೆ ಜೋಡಿಸಿದರೆ ಒಂದು ನಿಮಿಷ ಕಳೆದು ಕೆಲವೇ ಸೆಕೆಂಡುಗಳಲ್ಲಿ ಟ್ಯಾಂಕು ಬರಿದು. ಆಗ ವಾಟರ್ ಬೌಸರ್, ಜಲಮಂಡಳಿಯ ಟ್ಯಾಂಕರ್, ಖಾಸಗಿ ಟ್ಯಾಂಕರ್ ಎಲ್ಲವನ್ನೂ ಕರೆಸಿ ಸರದಿಯ ಮೇಲೆ ನೀರು ತುಂಬಿಸಬೇಕಾಗುತ್ತದೆ. ಬೀದಿಯ ಹೈಡ್ರಂಟ್ ನೆಚ್ಚಿಕೊಳ್ಳಲು ಕೊಳವೆಯಲ್ಲಿ ಸದಾ ಒತ್ತಡವಿರಬೇಕು. ದಿನ ಬಿಟ್ಟು ದಿನ, ಗೊತ್ತಾದ ಹೊತ್ತಿನಲ್ಲಿ ಮಾತ್ರ ನೀರು ಬಿಡುವ ಬಡಾವಣೆಗಳಲ್ಲಿ ಅದು ಆಗದ ಮಾತು. ಬಹುಮಹಡಿ ಕಟ್ಟಡಗಳು ತಮ್ಮದೇ ನೆಲದಡಿಯ ಟ್ಯಾಂಕು, ಪಂಪು, ಮೇಲೇರುವ ಕೊಳವೆ ಹೊಂದಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದರ ಮಹತ್ವ ಇಲ್ಲಿದೆ. ಬೆಂಗಳೂರಿಗೆ 2022ರಲ್ಲಿ ಬಂದ 90 ಮೀಟರ್ ಎತ್ತರದ ಏಣಿ ವಾಹನದ ತುದಿಗೆ ನೀರು ಏರಬೇಕಾದರೆ ಎತ್ತರವೊಂದಕ್ಕೇ ಸುಮಾರು 9 ಬಾರ್ ಒತ್ತಡ ವ್ಯಯವಾಗುತ್ತದೆ, ಧಾರೆ ಹಾರಲು ಬೇಕಾದದ್ದು ಅದರ ಮೇಲೆ.

ದೊಡ್ಡ ಪ್ರಮಾಣದ ನೀರಿನ ಅಗತ್ಯ ಇಲ್ಲೂ ಎದುರಾಗಿದೆ. 2009ರ ಅಕ್ಟೋಬರ್ 29ರಂದು ಜೈಪುರದ ತೈಲ ಸಂಗ್ರಹಾಗಾರಕ್ಕೆ ಹತ್ತಿದ ಬೆಂಕಿ, ಇಂಧನ ತೀರಿ ತಾನಾಗಿ ಆರುವವರೆಗೆ ಹತ್ತಕ್ಕೂ ಹೆಚ್ಚು ದಿನ ಉರಿಯಿತು. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ ಹೊತ್ತಿದಾಗ ಪಕ್ಕದ ಕಡಂಬ್ರಯಾರ್ ನದಿಯಿಂದ ಭಾರಿ ಪಂಪುಗಳಲ್ಲಿ ನೀರೆತ್ತಿದರೂ ಆರಿಸಲು ಸುಮಾರು ಹನ್ನೆರಡು ದಿನ ಹಿಡಿಯಿತು. ಮೇಲೆ ಸುರಿದ ನೀರು ಪ್ಲಾಸ್ಟಿಕ್ ಪದರಗಳ ಕೆಳಗಿನ ಕೆಂಡಕ್ಕೆ ಇಳಿಯುತ್ತಿರಲಿಲ್ಲ. ಜೆಸಿಬಿ, ಹಿಟಾಚಿಗಳು ಕಸವನ್ನು ಅಗೆದು ತಿರುವಿದ ಕಡೆ ಮಾತ್ರ ನೀರು ಕೆಲಸ ಮಾಡಿತು. ಅಲ್ಲಿನ ಇಕ್ಕಟ್ಟು ನದಿಯಲ್ಲೂ ಇರಲಿಲ್ಲ, ಪಂಪಿನಲ್ಲೂ ಇರಲಿಲ್ಲ, ಬೆಂಕಿಯ ಕೊನೆಯ ಕೆಲವು ಅಡಿಗಳಲ್ಲಿತ್ತು. ಯಾವ ಊರಿಗೆ ಎಂಥ ಸಾಧನ ಬೇಕೆಂಬುದನ್ನು ಪಂಪಿನ ಅಶ್ವಶಕ್ತಿಯಿಂದ ನಿರ್ಧರಿಸಲಾಗದು. ಆ ಊರಿನಲ್ಲಿ ಎಂಥ ವಸ್ತು ಉರಿಯಬಹುದು, ನೀರು ಎಲ್ಲಿದೆ, ಅಲ್ಲಿಗೆ ವಾಹನ ಇಳಿಯಲು ದಾರಿಯಿದೆಯೇ, ನಡುವೆ ಎಷ್ಟು ದೂರ, ನೆರೆಯೂರಿನ ಹೋಸ್ ಇಲ್ಲಿ ಕೂರುತ್ತದೆಯೇ, ಸುರಿದ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಗಳಿಗೆ ಬೆಂಕಿಗೆ ಮುಂಚೆಯೇ ಸಿಗುವ ಉತ್ತರಗಳು ಅದನ್ನು ನಿರ್ಧರಿಸುತ್ತವೆ.